ಲೋಟ, ಚಮಚ, ಟವೆಲ್ಲು

"ಹಾಸನದಲ್ಲಿ ಕೂತ್ಕೊಂಡು ಏರ್‌ಪೋರ್ಟ್ ಬಗ್ಗೆ ಸಂಶೋಧನೆನಾ?" ಅಂತ ಮನೆಯಲ್ಲಿ ನಕ್ಕಿದ್ದರು. ಆಗ ಬೂವನಹಳ್ಳಿ ವಿಮಾನ ನಿಲ್ದಾಣದ ಕೆಲಸ ಮುಗಿದೇ ಇರಲಿಲ್ಲ. ನನಗೆ ಬೇಕಿದ್ದದ್ದು ವಿಮಾನ ಅಲ್ಲ, ಅದನ್ನು ಹತ್ತಿ ಬಂದವರು. ಟ್ರಾನ್ಸ್ ಜನ (ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲ ಅನ್ನುವವರು) ಮತ್ತು ನಾನ್-ಬೈನರಿ ಜನ (ಗಂಡು ಅಥವಾ ಹೆಣ್ಣು ಅಂತಷ್ಟೇ ಗುರುತಿಸಿಕೊಳ್ಳದವರು) ಭದ್ರತಾ ತಪಾಸಣೆ ದಾಟುವಾಗ ಏನಾಗುತ್ತದೆ ಅನ್ನೋದು ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಅಂದ್ರೆ ಎಂ.ಎಸ್.ಡಬ್ಲ್ಯೂಗೆ, ನಾನು ಬರೆದ ಪ್ರಬಂಧದ ವಿಷಯ.

ಅಮೆರಿಕದಲ್ಲಿ 2015ರಲ್ಲಿ 27,715 ಟ್ರಾನ್ಸ್ ಜನರ ಸಮೀಕ್ಷೆ ಆಗಿತ್ತು. ಹಿಂದಿನ ಒಂದು ವರ್ಷದಲ್ಲಿ ಏರ್‌ಪೋರ್ಟ್ ತಪಾಸಣೆ ದಾಟಿದವರಲ್ಲಿ ಶೇ. 43 ಮಂದಿಗೆ ಲಿಂಗತ್ವದ ಕಾರಣಕ್ಕೆ ಏನಾದರೊಂದು ತೊಂದರೆ ಆಗಿತ್ತು. ಅದನ್ನು ನೋಡಿಕೊಂಡು ನಾನೂ ಒಂದು ಫಾರ್ಮ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟೆ. ಮೂರು ವಾರಕ್ಕೆ ನಾಲ್ಕು ಉತ್ತರ. ಅದರಲ್ಲೊಂದು ಕ್ಲಾಸ್‌ಮೇಟ್ ತಮಾಷೆಗೆ ತುಂಬಿದ್ದು! ನನ್ನ ಪ್ರಶ್ನೆಗಳೂ ಇಲ್ಲಿಗೆ ಹೊಂದುತ್ತಿರಲಿಲ್ಲ. ಅಲ್ಲಿನ ಬಾಡಿ ಸ್ಕ್ಯಾನರಿನಲ್ಲಿ ಸಿಬ್ಬಂದಿ ಗಂಡು ಅಥವಾ ಹೆಣ್ಣು ಅಂತ ಬಟನ್ ಒತ್ತುತ್ತಿದ್ದರು. ಮೈ ಅದಕ್ಕೆ ಹೊಂದದಿದ್ದರೆ ಮೆಷಿನ್ ಗುರುತು ತೋರಿಸುತ್ತಿತ್ತು. ನಮ್ಮ ಕಡೆ ಹೆಚ್ಚಾಗಿ ಮೆಟಲ್ ಡಿಟೆಕ್ಟರ್ ಬಾಗಿಲು, ಆಮೇಲೆ ಕೈಯಲ್ಲಿ ಹಿಡಿದು ಆಡಿಸುವ ಡಿಟೆಕ್ಟರ್. ಹೆಂಗಸರಿಗೆ ಬೇರೆ ಸಾಲು, ಪರದೆ ಕಟ್ಟಿದ ಗೂಡು.

ಪರಿಚಯದವರೊಬ್ಬರು ಒಬ್ಬ ಟ್ರಾನ್ಸ್ ಅಕ್ಕನ ಮನೆಗೆ ಕರೆದುಕೊಂಡು ಹೋದರು. ಅಲ್ಲೂ ಮೊದಲಿಗೆ ಎಡವಿದೆ. "ಚೆಕಿಂಗ್‌ನಲ್ಲಿ ಏನಾದ್ರೂ ತೊಂದರೆ ಆಯ್ತಾ ಅಕ್ಕ?" ಅಂದೆ. "ಇಲ್ಲಮ್ಮ, ಏನೂ ಆಗ್ಲಿಲ್ಲ" ಅಂದರು. ಪೆನ್ನು ಮುಚ್ಚಿಟ್ಟೆ. ಕಾಫಿ ಬಂತು. ಕುಡಿಯುತ್ತಾ, ಸುಮ್ನೆ ಮಾತಿಗೆ, ಒಳಗೆ ಹೋದಮೇಲೆ ಎಲ್ಲಿ ನಿಂತ್ರಿ ಅಂತ ಕೇಳಿದೆ.

ಅಕ್ಕ ಖಾಲಿ ಲೋಟ ಎರಡನ್ನು ದೂರ ದೂರ ಇಟ್ಟರು. ಇದು ಗಂಡಸರ ಸಾಲು, ಇದು ಹೆಂಗಸರದ್ದು. ಹೆಂಗಸರ ಲೋಟದ ಪಕ್ಕ ಹೆಗಲ ಮೇಲಿದ್ದ ಟವೆಲ್ಲನ್ನು ಮಡಿಸಿ ನಿಲ್ಲಿಸಿದರು, ಅದು ಪರದೆ. ಚಮಚ ತಾನು. ಚಮಚ ಟವೆಲ್ಲಿನ ತನಕ ಹೋಯಿತು. ಅಲ್ಲಿದ್ದ ಮೇಡಂ ಆಧಾರ್ ನೋಡಿ, ಆ ಕಡೆಗೆ ಹೋಗಿ ಅಂದರು. ಚಮಚ ಇನ್ನೊಂದು ಲೋಟದ ಹತ್ತಿರ ಬಂತು. ಅಲ್ಲಿನವರು ಸೀರೆ ನೋಡಿ, ನಾನು ಮುಟ್ಟಲ್ಲ ಅಂದರು. ಅಕ್ಕ ಚಮಚವನ್ನು ಎರಡರ ನಡುವೆ ಇಟ್ಟು ಕೈ ತೆಗೆದರು.

"ಅವರು ಇವರನ್ನ ನೋಡಿದ್ರು, ಇವರು ಅವರನ್ನ. ನಾನು ಎರಡೂ ಕೈ ಚಾಚ್ಕೊಂಡೇ ನಿಂತಿದ್ದೆ. ತೊಂದರೆ ಏನಿಲ್ಲಮ್ಮ, ಹತ್ತು ನಿಮಿಷ ಲೇಟಾಯ್ತು ಅಷ್ಟೇ."

ಅವತ್ತಿನಿಂದ "ತೊಂದರೆ" ಅನ್ನೋ ಪದವನ್ನೇ ಬಿಟ್ಟೆ. ಮನೆ ಬಿಟ್ಟಲ್ಲಿಂದ ಸೀಟಲ್ಲಿ ಕೂರೋ ತನಕ ಹೇಳಿ ಅಂತಷ್ಟೇ ಕೇಳುತ್ತಿದ್ದೆ. ಹಾಗೆ ಕೇಳಿದಾಗ ಕತೆ ಹಿಂದಿನ ರಾತ್ರಿಯಿಂದಲೇ ಶುರುವಾಗುತ್ತಿತ್ತು. ಎದೆ ಚಪ್ಪಟೆಯಾಗಿ ಕಾಣಲಿ ಅಂತ ಬೈಂಡರ್ ಅನ್ನೋ ಬಿಗಿ ಬಟ್ಟೆ ಕಟ್ಟುವ ಟ್ರಾನ್ಸ್ ಹುಡುಗನೊಬ್ಬ, ಡಿಟೆಕ್ಟರ್ ಕೂಗದಿರಲಿ ಅಂತ, ಲೋಹದ ಕೊಕ್ಕೆ ಇಲ್ಲದ್ದನ್ನು ಹುಡುಕಿ ಇಟ್ಟುಕೊಂಡಿದ್ದ. ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ, ಯಾವ ಟಾಯ್ಲೆಟ್ಟಿಗೆ ಹೋಗೋದು ಅಂತ. ಟ್ರಾನ್ಸ್ ಜನರ ಹಕ್ಕುಗಳ 2019ರ ಕಾಯ್ದೆಯಡಿ ಗುರುತಿನ ಚೀಟಿ ಪಡೆದವರೂ ಇದ್ದರು. ಚೀಟಿಯಲ್ಲಿ ಹೊಸ ಹೆಸರು, ಟಿಕೆಟಿನಲ್ಲಿ ಹಳೇದು.

ಒಟ್ಟು ಒಂಬತ್ತು ಜನ ಸಿಕ್ಕರು. ಹೆಚ್ಚಿನವರು ರೆಕಾರ್ಡಿಂಗ್ ಬೇಡ ಅಂದರು. ಬರೆದುಕೊಂಡು ಅಲ್ಲೇ ಓದಿ ಹೇಳುತ್ತಿದ್ದೆ. ಬರೀ ಹೆಸರು ಬದಲಿಸಿದರೆ ನಮ್ಮಂಥ ಊರುಗಳಲ್ಲಿ ಸಾಲದು. ಕೆಲಸ ಹೇಳಿದರೆ ಬೀದಿ ಗೊತ್ತಾಗುತ್ತೆ, ಬೀದಿ ಹೇಳಿದರೆ ಮನೆ. ಹಾಗಾಗಿ ಕೆಲಸ, ಪ್ರಯಾಣದ ತಾರೀಖು ಎರಡನ್ನೂ ಕಿತ್ತುಹಾಕಿದೆ. ಗೈಡ್‌ಗೆ ಇದು ಹಿಡಿಸಲಿಲ್ಲ, ವಿವರ ಜಾಸ್ತಿ ಇರಲಿ ಅಂದರು. ನಾನು ಬಗ್ಗಲಿಲ್ಲ.

ಕೊನೆಗೆ ಅಕ್ಕನ ಭಾಗವನ್ನು ಅವರ ಮನೆಗೇ ಹೋಗಿ ಓದಿದೆ. ಚಮಚದ ಮಾತು ತೆಗೆಯಲಾ ಅಂತ ಕೇಳಿದೆ.

"ಚಮಚ ಇರ್ಲಿ" ಅಂದರು. "ಊರು ತೆಗಿ."