ಮನೆಯ ಸಾರಜನಕ ಲಗೂನ್ ಸೇರದಂತೆ ತಡೆಯುವುದು ಹೇಗೆ?

ಕಡಲಿಗೂ ನೆಲಕ್ಕೂ ನಡುವೆ, ಮರಳುದಿಣ್ಣೆಯ ಮರೆಯಲ್ಲಿ ನಿಂತ ಆಳವಿಲ್ಲದ ನೀರೇ ಲಗೂನ್. ಅಳಿವೆ ಕಿರಿದು, ಹಾಗಾಗಿ ಒಳಬಂದದ್ದು ಬೇಗ ಹೊರಹೋಗದು. ದಡದ ಮನೆಗಳ ಶೌಚದ ನೀರು, ಗೊಬ್ಬರಗಳಿಂದ ಸಾರಜನಕ ಬಂದರೆ ಮೊದಲು ಕೊಬ್ಬುವುದು ಪಾಚಿ. ನೀರು ಮಬ್ಬಾಗಿ ತಳದ ಕಡಲಹುಲ್ಲಿಗೆ ಬಿಸಿಲು ತಪ್ಪುತ್ತದೆ. ಹುಲ್ಲು ಹೋದರೆ ಮರಿಮೀನಿಗೆ ಅಡಗುತಾಣವಿಲ್ಲ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವೂ ಖಾಲಿ.

ಫ್ಲಾರಿಡಾದ ಇಂಡಿಯನ್ ರಿವರ್ ಲಗೂನಿನಲ್ಲಿ 2011ರಿಂದ ಪಾಚಿ ಮತ್ತೆ ಮತ್ತೆ ಉಕ್ಕಿ ಕಡಲಹುಲ್ಲು ಅಳಿಯಿತು. ಅದನ್ನೇ ಮೇಯುವ ಮನಾಟಿ ಎಂಬ ದೊಡ್ಡ ನೀರುಪ್ರಾಣಿಗಳು ಹಸಿದು ಸತ್ತವು. ಕೊನೆಗೆ ಚಳಿಗಾಲದಲ್ಲಿ ಜನರೇ ಅವಕ್ಕೆ ಲೆಟಿಸ್ ಎಲೆ ಎಸೆಯಬೇಕಾಯಿತು!

ಮೊದಲು ಶೌಚಾಲಯದ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳಿ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಸಿ ತಳಕ್ಕಿಳಿಯುತ್ತದೆ, ಜಿಡ್ಡು ತೇಲುತ್ತದೆ. ಮೂತ್ರದ ಸಾರಜನಕ ಮಾತ್ರ ಅಮೋನಿಯಂ ಆಗಿ ನೀರಿನಲ್ಲೇ ಕರಗಿರುತ್ತದೆ. ಹೊರಗೆ ಇಂಗುವಾಗ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಮರಳಿಗೆ ಅಂಟುವುದಿಲ್ಲ, ಅಂತರ್ಜಲದ ಜೊತೆ ಸದ್ದಿಲ್ಲದೆ ಲಗೂನಿಗೆ ನಡೆಯುತ್ತದೆ. ಅಂದರೆ ಟ್ಯಾಂಕು ಕೆಟ್ಟಿರಬೇಕೆಂದೇನಿಲ್ಲ, ಸರಿಯಾಗಿರುವ ಟ್ಯಾಂಕೂ ಸಾರಜನಕ ಬಿಡುತ್ತದೆ. ಹೂಳು ತೆಗೆಸಿದರೆ ಇಂಗುವ ಜಾಗ ಕಟ್ಟಿಕೊಳ್ಳುವುದಿಲ್ಲ ಅಷ್ಟೇ, ನೈಟ್ರೇಟ್ ನಿಲ್ಲುವುದಿಲ್ಲ.

ಒಳಚರಂಡಿ ಇದ್ದು, ಅದು ಸಾರಜನಕ ತೆಗೆಯುವ ಶುದ್ಧೀಕರಣ ಘಟಕಕ್ಕೆ ಹೋಗುವುದಾದರೆ ಅದಕ್ಕೇ ಸೇರಿಸಿ. ಇಲ್ಲವೆಂದರೆ ಸಾರಜನಕ ತೆಗೆಯುವ ವ್ಯವಸ್ಥೆ ಹಾಕಿಸಬಹುದು. ಅದರಲ್ಲಿ ಗಾಳಿಯಾಡುವ ಒಂದು ಪದರ, ಕೆಳಗೆ ಗಾಳಿಯಾಡದ ಮರದ ಚೂರುಗಳ ಪದರ. ಮರದ ಇಂಗಾಲ ತಿನ್ನುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಖರ್ಚಿದೆ, ನಿಜ.

ಆಮೇಲೆ ಹುಲ್ಲುಹಾಸು. ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳಲ್ಲಿ ಮೊದಲನೆಯದು ಸಾರಜನಕ. ಯೂರಿಯಾದಲ್ಲಿ ಅದು ಶೇ 46. ಹಾಕಲೇಬೇಕೆಂದರೆ ನಿಧಾನವಾಗಿ ಕರಗುವುದನ್ನೇ ಕೊಳ್ಳಿ, ಮಳೆಯ ಮುನ್ಸೂಚನೆ ಇದ್ದ ದಿನ ಚೀಲ ಬಿಚ್ಚಲೇಬೇಡಿ. ಫ್ಲಾರಿಡಾದ ಕೆಲವು ಕೌಂಟಿಗಳು (ಜಿಲ್ಲಾಡಳಿತಗಳು) ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಸಾರಜನಕ ಗೊಬ್ಬರವನ್ನೇ ನಿಷೇಧಿಸಿವೆ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಟ್ಟರೆ ಅದೇ ಗೊಬ್ಬರ. ಗುಡಿಸಿ ಮೋರಿಗೆ ತಳ್ಳಿದರೆ ಪಾಚಿಗೆ ಊಟ.

ನೀರಂಚಿನಲ್ಲಿ ಗೊಬ್ಬರ ಬೇಡದ ಗಿಡಗಳನ್ನು ಸಾಲಾಗಿ ಬೆಳೆಸಿ. ಮರುವರ್ಷವೇ ನೀರು ತಿಳಿಯಾಗಲೆಂದು ಮಾತ್ರ ಕಾಯಬೇಡಿ. ದಡದಿಂದ ದೂರದ ಮನೆಗಳ ಅಡಿಯ ಅಂತರ್ಜಲ ಲಗೂನ್ ಮುಟ್ಟಲು ವರ್ಷಗಳೇ ಬೇಕು, ಹಿಂದೆ ಇಂಗಿದ ನೈಟ್ರೇಟ್ ಇನ್ನೂ ದಾರಿಯಲ್ಲೇ ಇರುತ್ತದೆ.