ಊಲೈಟ್‌ನಲ್ಲಿ ಚಾಲೆಂಜ್ ರನ್: ನಮಗೆ ನಾವೇ ಕಷ್ಟ ತಂದ್ಕೊಂಡು ಬದುಕಿ ಉಳಿಯೋದು ಹೇಗೆ

1984ರಲ್ಲಿ ಡೇವಿಡ್ ಬ್ರಾಬೆನ್, ಇಯಾನ್ ಬೆಲ್ ಅನ್ನೋ ಇಬ್ಬರು ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗೆ ಬರೆದ ಎಲೀಟ್ ಗೇಮ್ ಇದ್ಯಲ್ಲ, ಅದರ ಮೇಲೆ ಪ್ರೀತಿ ಇರೋ ಜನ ಕಟ್ಟಿರೋ ಫ್ರೀ ಗೇಮ್ ಊಲೈಟ್. ಬಾಹ್ಯಾಕಾಶದಲ್ಲಿ ಹಡಗು ಓಡಿಸ್ಕೊಂಡು ವ್ಯಾಪಾರ ಮಾಡೋ, ಹೊಡೆದಾಡೋ ಆಟ. ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಏನೂ ಬೇಡ. ಕೈಗೆ 100 ಕ್ರೆಡಿಟ್ ಕೊಟ್ಟು, ಕೋಬ್ರಾ ಮಾರ್ಕ್ 3 ಹಡಗಲ್ಲಿ ಕೂರಿಸಿ, ಲೇವ್ ಅನ್ನೋ ಗ್ರಹದ ಸ್ಟೇಷನ್‌ನಲ್ಲಿ ಬಿಟ್ಬಿಡ್ತಾರೆ. ಅಲ್ಲಿಂದ ಮುಂದೆ ನಿಮ್ಮ ಪಾಡು ನಿಮಗೆ. 8 ಗ್ಯಾಲಕ್ಸಿ, ಒಂದೊಂದರಲ್ಲೂ 256 ಸಿಸ್ಟಮ್, ಸಿಸ್ಟಮ್ ಅಂದ್ರೆ ಒಂದು ಸೂರ್ಯ, ಅದರ ಗ್ರಹ, ಒಂದು ಸ್ಟೇಷನ್.

ಆದ್ರೆ ಸ್ವಲ್ಪ ದಿನ ಆಡಿದ್ಮೇಲೆ ದುಡ್ಡು ಜಾಸ್ತಿ ಆಗುತ್ತೆ, ಮಿಲಿಟರಿ ಲೇಸರ್ ಬರುತ್ತೆ, ಪೈರೇಟ್‌ಗಳು ಬಂದ್ರೆ ಬರ್ಲಿ ಬಿಡು ಅನ್ಸುತ್ತೆ, ಅಲ್ಲಿಗೆ ಗೇಮ್ ಸಪ್ಪೆ. ಆವಾಗ್ಲೇ ಜನ ತಮಗೆ ತಾವೇ ರೂಲ್ ಹಾಕ್ಕೊಳ್ಳೋಕೆ ಶುರು ಮಾಡೋದು. ಸತ್ರೆ ರೀಲೋಡ್ ಇಲ್ಲ, ಗನ್ ಮುಟ್ಟಲ್ಲ, ಫ್ಯೂಯಲ್ ದುಡ್ಡು ಕೊಟ್ಟು ತಗೊಳಲ್ಲ, ಹೀಗೆ. ಬಹಳ ಜನ ಮೊದಲ ಗಂಟೇಲೇ ಸಾಯ್ತಾರೆ, ಅದಕ್ಕೆ ಕಾರಣ ಶೂಟಿಂಗ್ ಬರಲ್ಲ ಅಂತಲ್ಲ, ಮಾಮೂಲಿ ಆಟದಲ್ಲಿ ತಾವು ಯಾವುದನ್ನ ನೆಚ್ಕೊಂಡು ಬದುಕ್ತಿದ್ರು ಅನ್ನೋದೇ ಗೊತ್ತಿರಲ್ಲ. ನೀವು ಹಾಕ್ಕೊಂಡಿರೋ ರೂಲ್ ಅದನ್ನೇ ಕಿತ್ಕೊಂಡಿರುತ್ತೆ. ಹಾಗಾಗಿ ಲಾಂಚ್ ಆಗೋಕೆ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳಿ: ಈ ರೂಲ್ ನನ್ನಿಂದ ಏನು ಕಿತ್ಕೊಳ್ತು, ಅದರ ಜಾಗಕ್ಕೆ ನಾನು ಏನು ಇಡ್ತೀನಿ?

ರೂಲ್ ಬರೆದಿಟ್ಕೊಳಿ

ಬಾಯಲ್ಲಿ ಹೇಳ್ಕೊಂಡಿರೋ ರೂಲ್ ಪೈರೇಟ್ ಹಿಂದೆ ಬಿದ್ದಾಗ ಬದಲಾಗುತ್ತೆ. ಒಂದು ಚೀಟೀಲಿ ಬರೀರಿ. ಮುಖ್ಯವಾಗಿ ಎಸ್ಕೇಪ್ ಪಾಡ್ ಬಗ್ಗೆ. 1000 ಕ್ರೆಡಿಟ್ ಕೊಟ್ಟು ಪಾಡ್ ತಗೊಂಡ್ರೆ ಹಡಗು ಒಡೆಯೋ ಮುಂಚೆ ಹಾರಿ ಸ್ಟೇಷನ್‌ಗೆ ವಾಪಸ್ ಬರಬಹುದು, ಸರಕು ಹೋಗುತ್ತೆ ಅಷ್ಟೇ, ಹಡಗು ಮತ್ತೆ ಸಿಗುತ್ತೆ. ಇದು ಸಾವು ಅಂತ ಲೆಕ್ಕವೋ ಅಲ್ವೋ? ನನ್ನ ಪ್ರಕಾರ ಅಲ್ಲ, ದುಡ್ಡು ಕೊಟ್ಟು ತಗೊಂಡಿರೋ ಇನ್ಶೂರೆನ್ಸ್ ಅದು. ಆದ್ರೆ ಶುರುವಲ್ಲೇ ತೀರ್ಮಾನ ಆಗಿರ್ಲಿ. ಆಮೇಲೆ ಎಕ್ಸ್‌ಪಾನ್ಶನ್ ಪ್ಯಾಕ್‌ಗಳು, ಅಂದ್ರೆ ಗೇಮ್‌ಗೆ ಆಮೇಲೆ ಸೇರಿಸ್ಕೊಳ್ಳೋ ಹೆಚ್ಚುವರಿ ಭಾಗಗಳು. ಕೆಲವು ಪ್ಯಾಕ್ ಹಾಕಿದ್ರೆ ಗೇಮ್ ಸುಲಭ ಆಗುತ್ತೆ, ಕೆಲವು ಹಾಕಿದ್ರೆ ನರಕ ಆಗುತ್ತೆ. ಮೊದಲ ಚಾಲೆಂಜ್‌ಗೆ ಯಾವ ಪ್ಯಾಕೂ ಇಲ್ದೇ ಆಡಿ, ಆಗ ಗೆದ್ದಿದ್ದು ನೀವಾ ಪ್ಯಾಕಾ ಅನ್ನೋ ಅನುಮಾನ ಇರಲ್ಲ.

ಒಂದೇ ಜೀವ

ಎಲ್ಲಕ್ಕಿಂತ ಫೇಮಸ್ ಇದು. ಸ್ಟೇಷನ್‌ನಲ್ಲಿ ಸೇವ್ ಮಾಡಬಹುದು, ಆದ್ರೆ ಸತ್ರೆ ಆ ಫೈಲ್ ಡಿಲೀಟ್. ಇಲ್ಲಿ ರೂಲ್ ಕಿತ್ಕೊಳ್ಳೋದು ಧೈರ್ಯ. ಮಾಮೂಲಿ ಆಟದಲ್ಲಿ 3 ಪೈರೇಟ್ ಕಂಡ್ರೆ ನೋಡೇಬಿಡೋಣ ಅಂತ ನುಗ್ತೀರ, ಇಲ್ಲಿ ಹಾಗೆ ನುಗ್ಗಿದ್ರೆ ಮುಗೀತು.

ಮೊದಲು ಜಾಗ ಆರಿಸ್ಕೊಳಿ. ಪ್ರತಿ ಸಿಸ್ಟಮ್‌ಗೂ ಒಂದು ಸರ್ಕಾರ ಇರುತ್ತೆ, ಕಾರ್ಪೊರೇಟ್ ಸ್ಟೇಟ್, ಡೆಮಾಕ್ರಸಿ ಇದ್ರೆ ಪೊಲೀಸ್ ಜಾಸ್ತಿ ಪೈರೇಟ್ ಕಮ್ಮಿ, ಅನಾರ್ಕಿ ಫ್ಯೂಡಲ್ ಇದ್ರೆ ಉಲ್ಟಾ. ಲೇವ್ ಸುತ್ತಮುತ್ತ ಅದೃಷ್ಟಕ್ಕೆ ಒಳ್ಳೆ ಊರುಗಳೇ (ಅಂದ್ರೆ ಸಿಸ್ಟಮ್‌ಗಳೇ) ಇವೆ. ಲೇವ್ ಮತ್ತು ಡೀಸೊ ಎರಡೂ ಕೃಷಿ ಕಡೆ, ಜಾವೊನ್ಸ್ ಮತ್ತು ಲೀಸ್ತಿ ಇಂಡಸ್ಟ್ರಿ ಕಡೆ, ಅದೂ ಎರಡೂ ಕಾರ್ಪೊರೇಟ್ ಸ್ಟೇಟ್. ಡೀಸೊ ಡೆಮಾಕ್ರಸಿ. ಡೀಸೊ ಲೀಸ್ತಿ ಮಧ್ಯೆ ಹೋಗ್ತಾ ಬರ್ತಾ ಇದ್ರೆ ಸಾಕು, ಬೋರ್ ಹೊಡೀಬಹುದು ಆದ್ರೆ ಜೀವ ಇರುತ್ತೆ. ಅದೇ ಏರಿಯಾದಲ್ಲಿ ರೀಡ್‌ಕ್ವಾಟ್ ಅಂತ ಒಂದಿದೆ, ಅನಾರ್ಕಿ, ಮ್ಯಾಪ್‌ನಲ್ಲಿ ಹತ್ರ ಇದೆ ಅಂತ ಆ ಕಡೆ ತಲೆ ಹಾಕ್ಬೇಡಿ.

100 ಕ್ರೆಡಿಟ್‌ನಲ್ಲಿ ಏನ್ ತಗೊಳೋದು? ಕಂಪ್ಯೂಟರ್ ಮೇಲೆ ಲಾಭ ಜಾಸ್ತಿ ನಿಜ, ಆದ್ರೆ ಒಂದು ಟನ್ ತಗೊಳೋ ಹೊತ್ತಿಗೆ ಪರ್ಸ್ ಖಾಲಿ. ಶುರುವಲ್ಲಿ ಲೇವ್‌ನಲ್ಲಿ ಫುಡ್ ತುಂಬ್ಕೊಳಿ, ಅಗ್ಗ, 20 ಟನ್ ಜಾಗ ಹೆಚ್ಚುಕಮ್ಮಿ ತುಂಬುತ್ತೆ, ಇಂಡಸ್ಟ್ರಿ ಕಡೆ ಹೋಗಿ ಮಾರಿ. ಬರುವಾಗ ಎಷ್ಟಾಗುತ್ತೋ ಅಷ್ಟು ಕಂಪ್ಯೂಟರ್, ಮಷಿನರಿ. ದುಡ್ಡು ಸ್ವಲ್ಪ ಬಂದ ತಕ್ಷಣ ಎಲ್ರೂ 400 ಕೊಟ್ಟು ದೊಡ್ಡ ಕಾರ್ಗೋ ಬೇ ಹಾಕಿಸ್ತಾರೆ, 20 ಟನ್ 35 ಆಗುತ್ತೆ. ಒಂದೇ ಜೀವದ ಆಟದಲ್ಲಿ ಇದು ಎರಡನೇದಾಗಿರ್ಲಿ, ಮೊದಲನೇದು ಫ್ಯೂಯಲ್ ಇಂಜೆಕ್ಟರ್. ಇದು ಜಂಪ್‌ಗೆ, ಅಂದ್ರೆ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹಾರೋಕೆ ಅಂತ ಇಟ್ಟಿರೋ ಫ್ಯೂಯಲ್ಲನ್ನೇ ಸುಟ್ಟು ಹಡಗನ್ನ ಮಾಮೂಲಿ ಸ್ಪೀಡ್‌ಗಿಂತ ಎಷ್ಟೋ ಪಟ್ಟು ಜೋರಾಗಿ ಓಡ್ಸುತ್ತೆ. ಹತ್ತಿರ ಬೇರೆ ಹಡಗು ಇದ್ರೆ ಟೋರಸ್ ಡ್ರೈವ್ (ಸಿಸ್ಟಮ್ ಒಳಗೆ ದೂರ ಬೇಗ ದಾಟ್ಸೋ ಡ್ರೈವ್) ಲಾಕ್ ಆಗುತ್ತಲ್ಲ, ಆವಾಗ ನಿಮ್ಮನ್ನ ಕಾಪಾಡೋದು ಇದೊಂದೇ. ಕೋಬ್ರಾ ಸ್ಪೀಡ್ ಹಡಗೇ, ಆದ್ರೆ ಆಸ್ಪ್ ಮಾರ್ಕ್ 2 ಅನ್ನೋ ಹಡಗು ಅದಕ್ಕಿಂತ ಸ್ಪೀಡ್, ಬರೀ ಎಂಜಿನ್ ನಂಬ್ಕೊಂಡು ಓಡಿದ್ರೆ ಹಿಂದಿಂದ ಬಂದು ಮುಗಿಸ್ತಾನೆ. ಆಮೇಲೆ 600 ಕೊಟ್ಟು ಇಸಿಎಂ, ಬರೋ ಮಿಸೈಲ್‌ನ ದಾರೀಲೇ ಒಡೆಯೋಕೆ. ಆಮೇಲೆ ಪಾಡ್. ಇವೆಲ್ಲ ಎಲ್ಲಾ ಊರಲ್ಲೂ ಸಿಗಲ್ಲ, ಲೇವ್‌ನ ಟೆಕ್ ಲೆವೆಲ್ ಕಮ್ಮಿ, ಲೀಸ್ತಿ ಜಾವೊನ್ಸ್ ಕಡೆ ನೋಡಿ.

ಇಂಜೆಕ್ಟರ್ ಇದ್ರೂ ಟ್ಯಾಂಕ್‌ನಲ್ಲಿ ಫ್ಯೂಯಲ್ ಇಲ್ದಿದ್ರೆ ಅದು ಬರೀ ತೂಕ. ಅದಕ್ಕೇ ಫುಲ್ ಟ್ಯಾಂಕ್‌ನ 7 ಲೈಟ್ ಇಯರ್ ಪೂರ್ತಿ ಉಡಾಯ್ಸೋ ಜಂಪ್ ಮಾಡ್ಲೇಬೇಡಿ. ಆ ಕಡೆ ತಲುಪಿದಾಗ 1 ಅಥವಾ 2 ಲೈಟ್ ಇಯರ್‌ನಷ್ಟಾದ್ರೂ ಉಳಿದಿರ್ಬೇಕು. ಇನ್ನೊಂದು ಕಾರಣಾನೂ ಇದೆ. ಹಡಗಿನ ಸರ್ವೀಸ್ ಮಾಡಿಸ್ದೇ ಓಡಿಸ್ತಾ ಇದ್ರೆ ಒಂದಿನ ಜಂಪ್ ಅರ್ಧಕ್ಕೇ ನಿಲ್ಲುತ್ತೆ, ನೀವು ಎರಡು ನಕ್ಷತ್ರದ ನಡುವೆ ಎಲ್ಲೋ ಬೀಳ್ತೀರ, ಅಲ್ಲಿ ಥಾರ್ಗಾಯ್ಡ್ ಅನ್ನೋ ಏಲಿಯನ್ ಶತ್ರುಗಳು ಕಾಯ್ತಾ ಇರ್ತಾವೆ. ಟ್ಯಾಂಕ್ ಖಾಲಿ ಇದ್ರೆ ಅಲ್ಲೇ ಕಥೆ ಮುಗೀತು. ಸ್ಟೇಷನ್‌ನಲ್ಲಿ ಮೇಂಟೆನೆನ್ಸ್ ಮಾಡ್ಸಿ ಅಂತ ಕೇಳಿದ್ರೆ ಜಿಪುಣತನ ಮಾಡ್ಬೇಡಿ.

ಓಡೋದು ನಾಚಿಕೆ ವಿಷಯ ಅಲ್ಲ, ಬದುಕಿದ್ರೆ ಬೇಡಿ ತಿಂದೇನು ಅಂತ ಗಾದೇನೇ ಇದೆಯಲ್ಲ. ಓಡೋ ರೀತಿ ಮಾತ್ರ ಕಲೀರಿ: ಸ್ಕ್ಯಾನರ್‌ನಲ್ಲಿ ಗುಂಪು ಕಂಡ ತಕ್ಷಣ ಗ್ರಹದ ಕಡೆ ನೇರ ದಾರಿ ಬಿಟ್ಟು ಪಕ್ಕಕ್ಕೆ ತಿರುಗಿ, ಲಾಕ್ ಬಿಡೋ ತನಕ ಇಂಜೆಕ್ಟರ್, ಬಿಟ್ಟ ಮೇಲೆ ಟೋರಸ್, ದೂರದಿಂದ ಸುತ್ತು ಹಾಕ್ಕೊಂಡು ಸ್ಟೇಷನ್‌ಗೆ. ಟ್ರಾಫಿಕ್ ಇರೋದೆಲ್ಲ ವಿಚ್‌ಪಾಯಿಂಟ್‌ನಿಂದ (ಜಂಪ್ ಮುಗಿಸಿ ಬಂದು ಬೀಳೋ ಜಾಗ) ಗ್ರಹಕ್ಕೆ ಹೋಗೋ ಆ ಒಂದು ಗೆರೆ ಮೇಲೆ, ಗೆರೆ ಬಿಟ್ರೆ ಆಕಾಶ ಖಾಲಿ. ಜಂಪ್ ಮಾಡಿ ತಪ್ಪಿಸ್ಕೊಳ್ತೀನಿ ಅಂದ್ರೆ ಒಂದು ಗೊತ್ತಿರ್ಲಿ, ಜಂಪ್ ಆದ ಜಾಗದಲ್ಲಿ ನೀವು ಬಿಟ್ಟು ಹೋದ ತೂತು, ಅಂದ್ರೆ ವರ್ಮ್‌ಹೋಲ್‌ನಲ್ಲೇ ಅವ್ರೂ ಹಿಂದೆ ಬರಬಹುದು.

ಗನ್ ಮುಟ್ಟದ ಆಟ

ಇದು ನನಗೆ ತುಂಬಾ ಇಷ್ಟ, ಯಾಕಂದ್ರೆ ಗೇಮ್ ಪೂರ್ತಿ ಬೇರೇನೇ ಕಾಣುತ್ತೆ. ಲೇಸರ್ ಹಾರಿಸಂಗಿಲ್ಲ ಮಿಸೈಲ್ ಬಿಡಂಗಿಲ್ಲ. ಮೇಲೆ ಹೇಳಿದ ಓಟದ ಪಾಠ ಎಲ್ಲಾ ಇಲ್ಲೂ ಅನ್ವಯ, ಜೊತೆಗೆ ಇನ್ನೊಂದು: ಪೈರೇಟ್‌ಗಳಿಗೆ ನಿಮ್ಮ ಜೀವ ಬೇಡ, ಸರಕು ಬೇಕು. ಅವ್ರು ಸರಕು ಎಸೀರಿ ಬಿಟ್ಬಿಡ್ತೀವಿ ಅಂತ ಮೆಸೇಜ್ ಹಾಕಿದ್ರೆ ನಿಜವಾಗ್ಲೂ ಎಸೆದ್ರೆ ಎಷ್ಟೋ ಸಲ ಬಿಡ್ತಾರೆ. ಅದಕ್ಕೆ ಅಂತಾನೇ ಕೆಲವು ಟನ್ ಫುಡ್ ಇಟ್ಕೊಂಡಿರಿ, ಅಗ್ಗದ್ದು ಮೊದಲು ಹೋಗೋ ಥರ ಕಾರ್ಗೋ ಸಾಲು ತಿರುಗಿಸಿ ಇಟ್ಕೊಂಡಿರಿ. ಎಸೀತಾ ಎಸೀತಾ ಓಡಿ, ನಿಂತ್ಕೋಬೇಡಿ.

ಸಂಪಾದನೆಗೆ ಪಾರ್ಸೆಲ್ ಕಾಂಟ್ರಾಕ್ಟ್ ಬೆಸ್ಟ್, ಪಾರ್ಸೆಲ್‌ಗೆ ಕಾರ್ಗೋ ಜಾಗಾನೇ ಬೇಡ. ಶುರುವಲ್ಲಿ ಚಿಲ್ಲರೆ ಕಾಸು ಕೊಡ್ತಾರೆ, ಟೈಮ್‌ಗೆ ಕೊಟ್ಟು ಹೆಸರು ಬಂದ್ರೆ ದೊಡ್ಡ ದೊಡ್ಡವು ಸಿಗ್ತಾವೆ. ದೊಡ್ಡ ಪಾರ್ಸೆಲ್ ಅಂದ್ರೆ ಅದರ ಹಿಂದೆ ಕೊಲೆಗಾರರೂ ಬರ್ತಾರೆ, ಗನ್ ಇಲ್ದೋರು ರಿಸ್ಕ್ ಕಮ್ಮಿ ಇರೋದನ್ನೇ ಆರಿಸ್ಕೊಳಿ.

ಟೈಮ್ ಉಳಿಸೋ ಒಂದು ಲೆಕ್ಕ ಇದೆ, ಸುಮಾರು ಜನ ಗಮನಿಸಲ್ಲ. ಜಂಪ್‌ಗೆ ಹಿಡಿಯೋ ಗಂಟೆ ಅಂದ್ರೆ ದೂರದ ವರ್ಗ. 7 ಲೈಟ್ ಇಯರ್ ಒಂದೇ ಸಲ ಹಾರಿದ್ರೆ 49 ಗಂಟೆ. ಅದನ್ನೇ 3.5 ರಂತೆ ಎರಡು ಸಲ ಹಾರಿದ್ರೆ ಇಪ್ಪತ್ತನಾಲ್ಕೂವರೆ ಗಂಟೆ, ಫ್ಯೂಯಲ್ ಅಷ್ಟೇ ಖರ್ಚು. ಮಧ್ಯದ ಸಿಸ್ಟಮ್‌ನಲ್ಲಿ ಡಾಕ್ ಆಗೋದೇ (ಸ್ಟೇಷನ್ ಒಳಗೆ ಹೋಗಿ ನಿಲ್ಲೋದೇ) ಬೇಡ, ವಿಚ್‌ಪಾಯಿಂಟ್‌ನಲ್ಲಿ ಕೌಂಟ್‌ಡೌನ್ ಹಾಕಿ ಮುಂದಕ್ಕೆ ಹೋಗಿ. ಡೆಡ್‌ಲೈನ್ ಟೈಟ್ ಇರೋ ಪಾರ್ಸೆಲ್ ಬೇರೆಯವ್ರು ಆಗಲ್ಲ ಅಂತ ಬಿಟ್ಟಿದ್ದು ನಿಮಗೆ ಆಗುತ್ತೆ.

ಫ್ಯೂಯಲ್ ಕೊಳ್ಳಲ್ಲ

ಶುರುವಲ್ಲೇ ಈ ರೂಲ್ ಹಾಕಿದ್ರೆ ಆಟ ನಡಿಯಲ್ಲ, ಫ್ಯೂಯಲ್ ಸ್ಕೂಪ್‌ಗೆ 525 ಬೇಕು ಕೈಯಲ್ಲಿರೋದು 100, ಒಂದು ಟ್ಯಾಂಕ್‌ನಲ್ಲಿ ಅಷ್ಟು ದುಡಿಯೋದು ಕನಸು. ಸ್ಕೂಪ್ ಹಾಕಿಸಿದ ದಿನದಿಂದ ರೂಲ್ ಜಾರಿ ಅಂತ ಬರ್ಕೊಳಿ. ಆಮೇಲೆ ಫ್ಯೂಯಲ್ ಅಂದ್ರೆ ಸೂರ್ಯನ ಹತ್ರ ಹೋಗಿ ಬಾಚ್ಕೊಂಡು ಬರೋದು.

ಸೂರ್ಯನ ಮಧ್ಯಕ್ಕೆ ಮೂತಿ ಇಟ್ಕೊಂಡು ಹೋದ್ರೆ ಸುಟ್ಟು ಹೋಗ್ತೀರ. ಅಂಚಿಗೆ ಗುರಿ ಇಡಿ, ಬಿಸಿ ಕಾವಲಿ ಮೇಲೆ ದೋಸೆ ಹಿಟ್ಟು ಸವರೋ ಹಾಗೆ ಸವರ್ಕೊಂಡು ಆ ಕಡೆ ಹೋಗ್ಬೇಕು. ಕ್ಯಾಬಿನ್ ಟೆಂಪರೇಚರ್ ಮೇಲೆ ಕಣ್ಣಿರ್ಲಿ, ಮುಕ್ಕಾಲು ಭಾಗ ದಾಟಿದ್ರೆ ಟ್ಯಾಂಕ್ ತುಂಬಿರ್ಲಿ ಬಿಡ್ಲಿ ಮೂತಿ ತಿರುಗಿಸಿ, ತಣ್ಣಗಾದ್ಮೇಲೆ ಇನ್ನೊಂದ್ಸಲ ಬನ್ನಿ. ಪೂರ್ತಿ ತುಂಬೋ ತನಕ ಬರಲ್ಲ ಅಂತ ಹಠ ಹಿಡಿಯೋರೇ ಇಲ್ಲಿ ಸಾಯೋದು. ಹೀಟ್ ಶೀಲ್ಡಿಂಗ್ ಅಂತ ಒಂದು ಸಿಗುತ್ತೆ, ಈ ಚಾಲೆಂಜ್‌ಗೆ ಅದು ಲೇಸರ್‌ಗಿಂತ ಮುಖ್ಯ. ಒಂದು ಒಳ್ಳೇದು ಅಂದ್ರೆ ಸೂರ್ಯನ ಕಡೆ ಹೋಗೋ ದಾರೀಲಿ ಟ್ರಾಫಿಕ್ ಕಮ್ಮಿ, ಅನಾರ್ಕಿ ಸಿಸ್ಟಮ್‌ನಲ್ಲಿ ಮೊದಲು ಸೂರ್ಯ, ಅಲ್ಲಿಂದ ಸ್ಟೇಷನ್ ಅಂತ ಹೋದ್ರೆ ಫ್ಯೂಯಲ್‌ಗೆ ಫ್ಯೂಯಲ್ಲೂ ಆಯ್ತು, ಪೈರೇಟ್‌ಗಳ ದಾರೀನೂ ತಪ್ತು.

ಇನ್ನೊಂದು ದಾರಿ ಪುಕ್ಕಟೆ ಸವಾರಿ. ಬೇರೆ ಯಾವುದಾದ್ರೂ ಹಡಗು ಜಂಪ್ ಮಾಡಿದ್ರೆ ಅದು ಹೋದ ಜಾಗದಲ್ಲಿ ಸ್ವಲ್ಪ ಹೊತ್ತು ವರ್ಮ್‌ಹೋಲ್ ಉಳಿಯುತ್ತೆ, ನೀವೂ ಅದರೊಳಗೆ ನುಗ್ಗಿದ್ರೆ ಒಂದು ಹನಿ ಫ್ಯೂಯಲ್ ಖರ್ಚಿಲ್ದೇ ಅದೇ ಊರಿಗೆ ಹೋಗ್ತೀರ. ಯಾವ ಊರು ಅಂತ ಹೇಳೋ ಸ್ಕ್ಯಾನರ್ ಮಾರ್ತಾರೆ, ಅದಿಲ್ದಿದ್ರೆ ಕಣ್ಣು ಮುಚ್ಚಿ ಬಸ್ ಹತ್ತಿದಂಗೆ.

ಪುಟ್ಟ ಹಡಗು

ಕೋಬ್ರಾ ಕೊಟ್ಟು ಆಡರ್ ಅನ್ನೋ ಪುಟ್ಟ ಹಡಗು ತಗೊಂಡು ಆಡೋರು ಇದ್ದಾರೆ. 2 ಟನ್ ಕಾರ್ಗೋ, ಒಂದೇ ಮಿಸೈಲ್, ಸ್ಪೀಡೂ ಇಲ್ಲ. ಕೋಬ್ರಾ ಬೆಲೆ ಜಾಸ್ತಿ ಆದ್ದರಿಂದ ಬದಲಾಯಿಸಿದಾಗ ಕೈಗೆ ರಾಶಿ ದುಡ್ಡು ಬರುತ್ತೆ, ಅದನ್ನ ಮುಟ್ಟಲ್ಲ ಅಂತ ಚೀಟೀಲಿ ಬರೀದಿದ್ರೆ ಇದು ಚಾಲೆಂಜೇ ಅಲ್ಲ, ಲಾಟರಿ. 2 ಟನ್ ಕಂಪ್ಯೂಟರ್ ಹೊತ್ಕೊಂಡು ಓಡಾಡಿದ್ರೆ ಹೊಟ್ಟೆ ತುಂಬಲ್ಲ. ಚಿನ್ನ, ಪ್ಲಾಟಿನಂ, ಜೆಮ್ ಸ್ಟೋನ್ ಇವೆಲ್ಲ ಕೆಜಿ ಗ್ರಾಂ ಲೆಕ್ಕದಲ್ಲಿ ಬರೋದ್ರಿಂದ ಅರ್ಧ ಟನ್ ಒಳಗಿದ್ರೆ ಜಾಗ ಹಿಡಿಯಲ್ಲ, ಅದನ್ನ ಅಗ್ಗ ಇದ್ದಲ್ಲಿ ತಗೊಂಡು ಮುಂದಿನ ಊರಲ್ಲಿ ಬೆಲೆ ನೋಡಿ ಮಾರಿ, ಜೊತೆಗೆ ಪಾರ್ಸೆಲ್. ಸ್ಪೀಡ್ ಇಲ್ಲದ್ದಕ್ಕೆ ಇಂಜೆಕ್ಟರ್ ಕಡ್ಡಾಯ.

ಬರೀ ಅನಾರ್ಕಿ ಸಿಸ್ಟಮ್

ಇದು ಹೊಸಬರಿಗೆ ಬೇಡ. ಆಡೋದೇ ಆದ್ರೆ ಆಸ್ಟರಾಯ್ಡ್‌ಗಳ ಮಧ್ಯೆ ಇರೋ ರಾಕ್ ಹರ್ಮಿಟ್ (ಬಂಡೆ ಒಳಗಿನ ಪುಟ್ಟ ನೆಲೆ) ಹುಡುಕಿ, ಅಲ್ಲೂ ಡಾಕ್ ಆಗಬಹುದು, ನಾರ್ಕೋಟಿಕ್ಸ್ ಫೈರ್‌ಆರ್ಮ್ಸ್ ಇಟ್ಕೊಂಡಿದ್ರೂ ಯಾರೂ ಕೇಳಲ್ಲ. ಅದೇ ಸರಕು ಮೇನ್ ಸ್ಟೇಷನ್‌ನಲ್ಲಿ ತುಂಬ್ಕೊಂಡು ಲಾಂಚ್ ಆದ್ರೆ ಅಫೆಂಡರ್, ಅಂದ್ರೆ ಅಪರಾಧಿ ಆಗ್ತೀರ, ಒಳ್ಳೇ ಊರಿಗೆ ಹೋದಾಗ ವೈಪರ್ ಅನ್ನೋ ಪೊಲೀಸ್ ಹಡಗುಗಳು ಹಿಂದೆ ಬೀಳ್ತಾವೆ. ಲೇಸರ್ ಒಂದೇ ತಗೊಳೋ ಶಕ್ತಿ ಇದ್ರೆ ಬೀಮ್ ಲೇಸರ್‌ನ ಹಿಂದುಗಡೆ ಹಾಕ್ಸಿ, ಮುಂದೆ ಇರೋ ಪಲ್ಸ್ ಇರ್ಲಿ. ನೀವು ಓಡ್ತಾ ಇರ್ತೀರ, ಅವ್ರು ಸಾಲಾಗಿ ಹಿಂದೆ ಬರ್ತಾ ಇರ್ತಾರೆ, ಅದಕ್ಕಿಂತ ಸುಲಭದ ಗುರಿ ಎಲ್ಲಿ ಸಿಗುತ್ತೆ.

ಹಡಗನ್ನ ತಾನೇ ಸ್ಟೇಷನ್ ಒಳಗೆ ಸೇರ್ಸೋ ಡಾಕಿಂಗ್ ಕಂಪ್ಯೂಟರ್ ಇಲ್ದೇ ಆಡೋದನ್ನ ನಾನು ಚಾಲೆಂಜ್ ಅಂತ ಕರೆಯಲ್ಲ, 1500 ಉಳೀತು ಅಷ್ಟೇ. ಸ್ಟೇಷನ್ ಬಾಗಿಲು ಯಾವಾಗ್ಲೂ ಗ್ರಹದ ಕಡೆ ಮುಖ ಮಾಡಿರುತ್ತೆ, ಅದಕ್ಕೇ ಗ್ರಹಕ್ಕೂ ಸ್ಟೇಷನ್‌ಗೂ ನಡುವೆ ಬಂದು, ತಿರುಗಿ, ಬಾಗಿಲು ಸರಿ ನಡುವಿಗೆ ಬಂದ್ಮೇಲೆ ಸ್ಪೀಡ್ ತೀರಾ ಕಮ್ಮಿ ಮಾಡ್ಕೊಂಡು ಸ್ಟೇಷನ್ ತಿರುಗೋ ಥರಾನೇ ನೀವೂ ತಿರುಗ್ತಾ ಒಳಗೆ ಹೋಗಿ. ಅವಸರ ಬೇಡ, ಒಂದೇ ಜೀವದ ಆಟ ಆಡೋರು ಪೈರೇಟ್ ಎಲ್ಲಾ ತಪ್ಪಿಸ್ಕೊಂಡು ಬಂದು ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆದು ಸಾಯೋದು ಹೊಸದೇನಲ್ಲ.

ರೂಲ್‌ಗಳನ್ನ ಸೇರಿಸಿ ಆಡೋದಾದ್ರೆ ಒಂದೇ ಊರುಗೋಲನ್ನ ಎರಡು ಸಲ ಕಿತ್ಕೊಳ್ಳೋ ರೂಲ್ ಸೇರಿಸ್ಬೇಡಿ. ಗನ್ ಇಲ್ಲ ಪ್ಲಸ್ ಒಂದೇ ಜೀವ ಚೆನ್ನಾಗಿ ಹೊಂದುತ್ತೆ, ಎರಡಕ್ಕೂ ಉತ್ತರ ಓಟಾನೇ. ಗನ್ ಇಲ್ಲ ಪ್ಲಸ್ ಫ್ಯೂಯಲ್ ಕೊಳ್ಳಲ್ಲ ಅಂದ್ರೆ ಇಂಜೆಕ್ಟರ್‌ಗೆ ಸುಡೋ ಒಂದೊಂದು ಹನಿನೂ ಸೂರ್ಯನಿಂದ ತರ್ಬೇಕು, ಮಜಾ ಇದೆ ಆದ್ರೆ ನಿಧಾನ. ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದನ್ನೂ ಅದೇ ಚೀಟೀಲಿ ಬರೀರಿ, ಇಲ್ಲಾಂದ್ರೆ ಬೇಜಾರಾಗಿ ಯಾವತ್ತೋ ಬಿಟ್ಬಿಡ್ತೀರ. ನನಗೆ ಸರಿ ಅನ್ಸಿರೋ ಗುರಿ ಮುಂದಿನ ಗ್ಯಾಲಕ್ಸಿಗೆ ಹಾರಿಸೋ ಗ್ಯಾಲಕ್ಟಿಕ್ ಹೈಪರ್‌ಡ್ರೈವ್, 5000 ಕ್ರೆಡಿಟ್, ಒಂದೇ ಸಲಕ್ಕೆ ಬರೋದು. ಮೊದಲ ರನ್‌ಗೆ ಎರಡನೇ ಗ್ಯಾಲಕ್ಸಿಗೆ ಹೋಗಿ ಯಾವುದಾದ್ರೂ ಸ್ಟೇಷನ್‌ನಲ್ಲಿ ಡಾಕ್ ಆದ್ರೆ ಗೆದ್ದಂಗೆ. ಅಲ್ಲಿ ಯಾವ ಊರು ಸೇಫ್ ಅಂತ ನಿಮಗೆ ಗೊತ್ತಿರಲ್ಲ, ಹಾಗಾಗಿ ಟ್ಯಾಂಕ್ ಫುಲ್, ಸರ್ವೀಸ್ ಆಗಿರೋ ಹಡಗು, ಕಾರ್ಗೋದಲ್ಲಿ ಎಸೆಯೋಕೆ ಒಂದಿಷ್ಟು ಫುಡ್ ಇಟ್ಕೊಂಡೇ ಬಟನ್ ಒತ್ತಿ.