ಹಳೆಯ ವಿಮಾನಗಳ ಹಾರಾಟ ನೋಡುವುದು ಹೇಗೆ: ಓಲ್ಡ್ ವಾರ್ಡನ್‌ಗೆ ಹೋಗುವವರಿಗೆ

ಹಳೆಯ ವಿಮಾನಗಳ ಪ್ರದರ್ಶನಕ್ಕೆ ಹೋದವರಲ್ಲಿ ಹೆಚ್ಚಿನವರು ವಿಮಾನ ಮೇಲೇರಿದ ನಂತರವೇ ನೋಡಲು ಶುರು ಮಾಡುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಪ್ರದರ್ಶನ ಮುಗಿದಿರುತ್ತದೆ. ಪ್ರೊಪೆಲರನ್ನು ಕೈಯಲ್ಲಿ ತಿರುಗಿಸುವುದು, ಎಂಜಿನ್ ಮೊದಲ ಸಲ ಕೆಮ್ಮುವುದು, ರೆಕ್ಕೆಯ ತುದಿ ಹಿಡಿದು ಇಬ್ಬರು ಜೊತೆಗೆ ಓಡುವುದು, ಗಾಳಿ ನೋಡಿ ಪೈಲಟ್ 'ಇವತ್ತು ಬೇಡ' ಎಂದು ಇಳಿದುಬಿಡುವುದು, ಎಲ್ಲವೂ ನೆಲದ ಮೇಲೆಯೇ ನಡೆಯುತ್ತದೆ. ಇದನ್ನು ಹತ್ತಿರದಿಂದ ನೋಡಲು ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್ ವಿಮಾನ ಮೈದಾನದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಲಂಡನ್ ಕಡೆ ಇರುವ ಕನ್ನಡಿಗರಿಗೆ ಇದು ಒಂದು ದಿನದ ಪ್ರವಾಸ. ಬಿಗಲ್ಸ್‌ವೇಡ್ ನಿಲ್ದಾಣದವರೆಗೆ ರೈಲು, ಅಲ್ಲಿಂದ ಕೆಲವೇ ಮೈಲಿ ಟ್ಯಾಕ್ಸಿ. ವಾಪಸಾತಿಗೆ ಟ್ಯಾಕ್ಸಿಯನ್ನು ಇಳಿಯುವಾಗಲೇ ಹೇಳಿಟ್ಟುಕೊಳ್ಳಿ. ಪ್ರದರ್ಶನ ಮುಗಿದಾಗ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ.

ಇಲ್ಲಿನ ಹಳೆಯ ವಿಮಾನಗಳ ಸಂಗ್ರಹ ಶುರು ಮಾಡಿದವನು ರಿಚರ್ಡ್ ಶಟಲ್‌ವರ್ತ್. ಅವನು ಕಾರ್ ರೇಸಿಗನೂ ಹೌದು, 1935ರಲ್ಲಿ ಡಾನಿಂಗ್‌ಟನ್ ಗ್ರ್ಯಾಂಡ್ ಪ್ರಿ ಗೆದ್ದವನು. 1940ರಲ್ಲಿ ವಾಯುಪಡೆಯ ರಾತ್ರಿ ತರಬೇತಿಯಲ್ಲಿ ವಿಮಾನ ಬಿದ್ದು 31ನೇ ವಯಸ್ಸಿಗೇ ತೀರಿಕೊಂಡ. ವಿಮಾನಗಳು ಇಂದಿಗೂ ಹಾರುತ್ತಿರುವುದಕ್ಕೆ ಕಾರಣ ಅವನ ತಾಯಿ ಡೊರೊಥಿ. ಮಗನ ಹೆಸರಿನಲ್ಲಿ ಟ್ರಸ್ಟ್ ಕಟ್ಟಿ ಎಲ್ಲವನ್ನೂ ಉಳಿಸಿದವರು ಅವರು.

ದಿನ ಆರಿಸುವುದು

ಬೇಸಿಗೆಯ ತಿಂಗಳುಗಳಲ್ಲಿ ಹಗಲಿನ ಪ್ರದರ್ಶನವೂ ಇರುತ್ತದೆ, ಸಂಜೆಯದೂ ಇರುತ್ತದೆ. ಒಂದೇ ಸಲ ಹೋಗುವುದಾದರೆ ಸಂಜೆಯದನ್ನು ಆರಿಸಿ. ಹಗಲಲ್ಲಿ ನೆಲ ಕಾದು ಗಾಳಿ ಏರಿಳಿಯುತ್ತದೆ, ಹೊತ್ತು ಇಳಿದಂತೆ ಅದು ತಣ್ಣಗಾಗುತ್ತದೆ. ಇಲ್ಲಿನ ಅತಿ ಹಳೆಯ ವಿಮಾನಗಳಾದ 1909ರ ಬ್ಲೇರಿಯೋ, 1910ರ ಡೆಪರ್ಡ್ಯುಸಾಂ, 1912ರ ಬ್ಲ್ಯಾಕ್‌ಬರ್ನ್ ಹೊರಬರುವುದು ಗಾಳಿ ಹೆಚ್ಚುಕಡಿಮೆ ನಿಂತಾಗ ಮಾತ್ರ. ಐದಾರು ನಾಟ್ (ಗಂಟೆಗೆ ಸುಮಾರು ಹತ್ತು ಕಿ.ಮೀ.) ಗಾಳಿಯಿದ್ದರೂ ಅವನ್ನು ಶೆಡ್ಡಿನಲ್ಲೇ ಬಿಡುತ್ತಾರೆ. ಕಾರಣ ಸರಳ. ಬ್ಲೇರಿಯೋದ ಎಂಜಿನ್ ಮೂರು ಸಿಲಿಂಡರಿನ ಆನ್ಜಾನಿ, ಶಕ್ತಿ ಸುಮಾರು 25 ಅಶ್ವಶಕ್ತಿ. ಇವತ್ತಿನ ಒಂದು ಒಳ್ಳೆಯ ಮೋಟರ್‌ಸೈಕಲ್ಲಿನಷ್ಟು. ಓರೆಯಾಗಲು ರೆಕ್ಕೆಯ ತುದಿಯಲ್ಲಿ ಬೇರೆ ಪಟ್ಟಿಗಳಿಲ್ಲ, ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚಬೇಕು. ಆ ತಿರುಚು ನಿಧಾನ, ಗಾಳಿಯ ಒದೆತ ವೇಗ. ಹಾಗಾಗಿ ಅದು ರನ್‌ವೇ ಗುಂಟ ನೇರವಾಗಿ ಒಂದು ಸಣ್ಣ ಜಿಗಿತ ಹಾರಿ ಇಳಿಯುತ್ತದೆ, ಅಷ್ಟೇ. ಆ ಜಿಗಿತಕ್ಕಾಗಿ ಸಂಜೆಯವರೆಗೆ ಕಾಯುವುದು ಸಾರ್ಥಕ.

ಹಿಂದಿನ ದಿನದಿಂದ ಗಾಳಿಯ ಮೇಲೆ ಕಣ್ಣಿಡಿ. ಮೊಬೈಲಿನ ಮಳೆ ಚಿತ್ರ ಸಾಲದು. ಹತ್ತಿರದ ಲೂಟನ್ ವಿಮಾನ ನಿಲ್ದಾಣದ ಮೆಟಾರ್, ಅಂದರೆ ಸಂಕೇತದಲ್ಲಿರುವ ಹವಾಮಾನ ವರದಿ ಓದುವುದು ಕಲಿಯಿರಿ. ಗಾಳಿಯ ಗುಂಪಿನಲ್ಲಿ ಮೊದಲ ಮೂರು ಅಂಕಿ ಗಾಳಿ ಬರುವ ದಿಕ್ಕು, ನಂತರದ ಎರಡು ನಾಟ್‌ಗಳಲ್ಲಿ ವೇಗ. ನಡುವೆ 'ಜಿ' ಅಕ್ಷರ ಬಂದರೆ ಅದರ ಮುಂದಿನದು ಬಿರುಸಾಗಿ ಬೀಸುವಾಗಿನ ವೇಗ. ಹಳೆಯ ವಿಮಾನಗಳಿಗೆ ಕಂಟಕ ಈ ಬಿರುಸಿನ ವೇಗವೇ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ. ಗಾಳಿ 15 ನಾಟ್, ಬಿರುಸು 25 ಎಂದಿದ್ದರೆ ಮೊದಲ ಮಹಾಯುದ್ಧದ ವಿಮಾನಗಳ ಆಸೆಯನ್ನೂ ಬಿಡಬೇಕಾಗುತ್ತದೆ. ಎರಡನೇ ಮಹಾಯುದ್ಧದವು ಬಹುಶಃ ಹಾರುತ್ತವೆ.

ನಿಲ್ಲುವ ಜಾಗ

ಹೋದ ಕೂಡಲೇ ಗಾಳಿಚೀಲ ನೋಡಿ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ, ಹಾಗಾಗಿ ಚೀಲದ ಬಾಲ ಯಾವ ಕಡೆ ಚಾಚಿದೆಯೋ ರನ್‌ವೇಯ ಆ ತುದಿಯಲ್ಲಿ ಚಕ್ರ ನೆಲ ಮುಟ್ಟುತ್ತದೆ. ಹೊಸಬರು ಏರುವ ಜಾಗ ಹುಡುಕುತ್ತಾರೆ. ಆದರೆ ಬಾಲದ ಕೆಳಗೆ ಚಕ್ರ ಅಥವಾ ಊರುಗೋಲಿರುವ ವಿಮಾನದಲ್ಲಿ ಕಷ್ಟದ ಕೆಲಸ ಇಳಿಯುವುದು. ಇಳಿಯುವ ತುದಿಯಲ್ಲಿ ನಿಂತರೆ ಪೈಲಟ್‌ನ ಕೈಚಳಕ ಕಾಣುತ್ತದೆ.

ಓಲ್ಡ್ ವಾರ್ಡನ್‌ನಲ್ಲಿ ಪ್ರೇಕ್ಷಕರ ಬೇಲಿ ಒಂದೆಡೆ ಬಾಗಿದೆ. ವಿಮಾನಗಳು ಆ ಬಾಗಿನ ಸುತ್ತ ಓರೆಯಾಗಿ ತಿರುಗುತ್ತವೆ, ರೆಕ್ಕೆಯ ಮೇಲ್ಭಾಗವೂ ಪೈಲಟ್‌ನ ತಲೆಯೂ ನಿಮ್ಮ ಕಡೆ ವಾಲುತ್ತವೆ. ಬೇರೆ ಕಡೆ ಹೊಟ್ಟೆ ನೋಡಿಯೇ ತೃಪ್ತಿಪಡಬೇಕು. ಆ ಬಾಗಿನ ಹತ್ತಿರ ಮಡಚುವ ಕುರ್ಚಿ ಹಾಕಿ. ಇಂಥದ್ದೇ ಪ್ರದರ್ಶನ ನಡೆಯುವ ಡಕ್ಸ್‌ಫರ್ಡ್‌ಗೆ ಹೋಗುವವರು ನೆನಪಿಡಬೇಕಾದ್ದು ಬೇರೆ. ಅಲ್ಲಿ ಪ್ರೇಕ್ಷಕರು ದಕ್ಷಿಣಕ್ಕೆ ಮುಖ ಮಾಡಿ ಕೂರುತ್ತಾರೆ, ದಿನದ ಬಹುಪಾಲು ಸೂರ್ಯ ಕಣ್ಣೆದುರು. ಅಂಚುಳ್ಳ ಟೋಪಿ ಇಲ್ಲದೆ ಹೋಗಬೇಡಿ.

ಚೀಲದಲ್ಲಿ: 8x42 ಬೈನಾಕ್ಯುಲರ್ (10ಕ್ಕಿಂತ ಹೆಚ್ಚಿನದು ಕೈಯಲ್ಲಿ ನಡುಗುತ್ತದೆ, ವಿಮಾನ ಚೌಕಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ), ಮಳೆಕೋಟು, ಸಂಜೆಗೆ ಸ್ವೆಟರ್, ಮಕ್ಕಳಿಗೆ ಕಿವಿ ಮುಚ್ಚುವ ಹೆಡ್‌ಫೋನ್, ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಪುಳಿಯೋಗರೆಯೋ ಚಪಾತಿ-ಪಲ್ಯವೋ. ರೇಡಿಯೊ ಸ್ಕ್ಯಾನರ್ ಬೇಡ. ವಿಮಾನಗಳ ಸಂಭಾಷಣೆ ಕೇಳುವುದು ಅಮೆರಿಕದಲ್ಲಿ ಸಲ್ಲುತ್ತದೆ, ಬ್ರಿಟನ್ನಿನಲ್ಲಿ ಅನುಮತಿಯಿಲ್ಲದೆ ಕಾನೂನುಬಾಹಿರ.

ಎಂಜಿನ್ ಎಬ್ಬಿಸುವುದು

ದಿನದ ಅತ್ಯಂತ ಸೊಗಸಾದ ಭಾಗ ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಮೊದಲ ಮಹಾಯುದ್ಧದ ಸಾಪ್‌ವಿತ್ ಪಪ್, ಆವ್ರೊ 504 ಮುಂತಾದವುಗಳಲ್ಲಿ ರೋಟರಿ ಎಂಜಿನ್ ಇರುತ್ತದೆ. ಇದರ ಕ್ರ್ಯಾಂಕ್‌ಶಾಫ್ಟ್ (ನಡುವಿನ ದಂಡ) ವಿಮಾನಕ್ಕೆ ಬಿಗಿದಿರುತ್ತದೆ. ತಿರುಗುವುದು ಸಿಲಿಂಡರುಗಳೇ, ಪ್ರೊಪೆಲರಿನ ಜೊತೆಗೆ. ಎಣ್ಣೆ ಮತ್ತೆ ಟ್ಯಾಂಕಿಗೆ ಹಿಂತಿರುಗುವುದಿಲ್ಲ, ಒಂದು ಸುತ್ತು ಕೆಲಸ ಮಾಡಿ ಹೊರಗೆ ಚಿಮ್ಮಿಬಿಡುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ ಎಣ್ಣೆ ಬೇಕಿತ್ತು, ಅದಕ್ಕೆ ಸಿಕ್ಕಿದ್ದು ಹರಳೆಣ್ಣೆ. ಗಾಳಿಯ ಕೆಳಬದಿಗೆ ನಿಂತರೆ ಸುಟ್ಟ ಹರಳೆಣ್ಣೆಯ ವಾಸನೆ ಬರುತ್ತದೆ. ಅಜ್ಜಿ ತಲೆಗೆ ತಿಕ್ಕಿ ಅಭ್ಯಂಜನ ಮಾಡಿಸಿದ ನೆನಪಿರುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಮೆಕ್ಯಾನಿಕ್ ಮತ್ತು ಪೈಲಟ್ ಕೂಗಾಡುವುದನ್ನು ಕಿವಿಗೊಟ್ಟು ಕೇಳಿ. 'ಸ್ವಿಚ್ ಆಫ್' ಎಂದಾಗ ಪ್ರೊಪೆಲರನ್ನು ಕೆಲವು ಸುತ್ತು ಕೈಯಲ್ಲಿ ತಿರುಗಿಸಿ ಪೆಟ್ರೋಲ್ ಮಿಶ್ರಣ ಒಳಗೆಳೆಯುತ್ತಾರೆ. 'ಕಾಂಟ್ಯಾಕ್ಟ್' ಎಂದ ಮೇಲೆ ಮುಂದಿನ ಎಳೆತಕ್ಕೆ ಎಂಜಿನ್ ಹತ್ತಬೇಕು. ಹತ್ತದಿದ್ದರೆ ಹೆಚ್ಚಾಗಿ ಪೆಟ್ರೋಲ್ ಜಾಸ್ತಿಯಾಗಿರುತ್ತದೆ. ಸ್ವಿಚ್ ಆರಿಸಿ ಪ್ರೊಪೆಲರನ್ನು ಹಿಂದಕ್ಕೆ ತಿರುಗಿಸಿ ಹೊರಹಾಕುತ್ತಾರೆ, ಮತ್ತೆ ಮೊದಲಿನಿಂದ. ದೊಡ್ಡ ಎಂಜಿನ್‌ಗಳಿಗೆ ಹಕ್ಸ್ ಸ್ಟಾರ್ಟರ್ ತರುತ್ತಾರೆ. ಅದು ಫೋರ್ಡ್ ಮಾಡೆಲ್ ಟಿ ಮೇಲೆ ಕಟ್ಟಿದ ಯಂತ್ರ. ಅದರ ಉದ್ದನೆಯ ದಂಡ ಪ್ರೊಪೆಲರಿನ ಮೂತಿಗೆ ಕಚ್ಚಿಕೊಂಡು ತಿರುಗಿಸುತ್ತದೆ.

ರೋಟರಿ ಇಳಿಯುವಾಗ 'ಬ್ರ್ರ್... ಬ್ರ್ರ್...' ಎಂದು ನಿಂತು ನಿಂತು ಸದ್ದು ಮಾಡಿದರೆ ಕೆಟ್ಟಿತೆಂದು ಗಾಬರಿ ಬೇಡ. ಕಾರಿನಂತೆ ವೇಗ ತಗ್ಗಿಸುವ ಸಲೀಸಾದ ವ್ಯವಸ್ಥೆ ಇದಕ್ಕಿಲ್ಲ. ಪೈಲಟ್ ಹಿಡಿಕೆಯ ಮೇಲಿನ ಬ್ಲಿಪ್ ಸ್ವಿಚ್ ಒತ್ತಿ ಕಿಡಿಯನ್ನೇ ಕತ್ತರಿಸುತ್ತಾನೆ. ಹೆಚ್ಚು ಹೊತ್ತು ಒತ್ತಿಹಿಡಿದರೆ ಸುಡದ ಪೆಟ್ರೋಲ್ ಶೇಖರವಾಗಿ, ಕಿಡಿ ಮರಳಿದಾಗ ಬೆಂಕಿ ಹತ್ತಬಹುದು. ಆ ಸದ್ದಿನ ಲಯವೇ ಪೈಲಟ್‌ನ ಅನುಭವದ ಅಳತೆ. ಬ್ರೇಕ್ ಇಲ್ಲದ್ದರಿಂದ ಇಳಿದ ಮೇಲೆ ರೆಕ್ಕೆಯ ತುದಿ ಹಿಡಿಯಲು ಜನ ಓಡುತ್ತಾರೆ, ಅದನ್ನೂ ನೋಡಿ.

ಇಲ್ಲಿರುವ ಎಸ್‌ಇ5ಎ ಯುದ್ಧವಿಮಾನದ ಎದುರು ಒಂದು ನಿಮಿಷ ನಿಲ್ಲಿ. 1918ರ ಜುಲೈನಲ್ಲಿ ಭಾರತೀಯ ಪೈಲಟ್ ಇಂದ್ರಲಾಲ್ ರಾಯ್ ಹಾರಿಸಿದ್ದು ಇದೇ ಮಾದರಿ. 13 ದಿನಗಳಲ್ಲಿ ಆಕಾಶದ ಕಾದಾಟದಲ್ಲಿ ಹತ್ತು ಗೆಲುವು ಪಡೆದು ಅದೇ ತಿಂಗಳ 22ರಂದು ಮಡಿದ. ವಯಸ್ಸು ಇನ್ನೂ 19.

ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ಎಆರ್501ರಲ್ಲಿ ಮೆರ್ಲಿನ್ ಎಂಜಿನ್, 12 ಸಿಲಿಂಡರ್, 27 ಲೀಟರ್. ಎಬ್ಬಿಸಿದ ಮೇಲೆ ಪೈಲಟ್ ಆತುರದಲ್ಲಿರುವಂತೆ ಕಾಣುತ್ತಾನೆ, ನಿಜವಾಗಿಯೂ ಆತುರವೇ. ನೀರು ತಣಿಸುವ ರೇಡಿಯೇಟರ್ ಬಲರೆಕ್ಕೆಯ ಅಡಿಯಲ್ಲಿದೆ, ನೆಲದಲ್ಲಿರುವಾಗ ಚಕ್ರದ ಕಾಲು ಅದರ ಗಾಳಿಗೆ ಅಡ್ಡ ಬರುತ್ತದೆ. ಕೆಲವೇ ನಿಮಿಷಕ್ಕೆ ನೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಮೂತಿ ಎತ್ತರವಾದ್ದರಿಂದ ಎದುರು ಏನೂ ಕಾಣದು, ಆದ್ದರಿಂದ ಹಾವಿನಂತೆ ಆಚೀಚೆ ತಿರುಗುತ್ತಾ ಸಾಗುತ್ತದೆ. ಮೇಲೇರಿದ ಕೂಡಲೇ ಅದು ಸಣ್ಣಗೆ ತಲೆಯಾಡಿಸುವುದುಂಟು. ಚಕ್ರ ಎತ್ತುವ ಹಿಡಿಕೆ ಬಲಗಡೆ ಇರುವುದರಿಂದ ಪೈಲಟ್ ಆ ಕ್ಷಣ ವಿಮಾನ ನಿಯಂತ್ರಿಸುವ ಸ್ಟಿಕ್ಕನ್ನು ಎಡಗೈಗೆ ಬದಲಿಸುತ್ತಾನೆ. ತಲೆಯಾಡದೆ ಏರಿದರೆ ಕೈ ಪಳಗಿದೆ ಎಂದರ್ಥ.

ಹಾರ್ವರ್ಡ್ ತರಬೇತಿ ವಿಮಾನದ್ದು ಇನ್ನೊಂದೇ ಕಿರುಚಲು. ಅದರ ಪ್ರೊಪೆಲರ್ ಎಂಜಿನ್‌ಗೆ ನೇರ ಜೋಡಣೆ, ಏರುವಾಗ ನಿಮಿಷಕ್ಕೆ 2,250 ಸುತ್ತು, ಅಡ್ಡಳತೆ ಒಂಬತ್ತು ಅಡಿ. ತುದಿಯ ವೇಗ ಶಬ್ದದ ವೇಗಕ್ಕೆ ಹತ್ತಿರ ಬರುತ್ತದೆ. ಆ ಕಿರುಚಲು ಎಂಜಿನ್ನಿನದಲ್ಲ, ಪ್ರೊಪೆಲರಿನ ತುದಿಯದು.

ಆಕಾಶದಲ್ಲಿ ಹುಡುಕುವಾಗ ಸದ್ದು ಬಂದ ಕಡೆ ನೋಡಬೇಡಿ, ಅದಕ್ಕಿಂತ ಮುಂದೆ ನೋಡಿ. ಒಂದು ಕಿ.ಮೀ. ದೂರದಿಂದ ಸದ್ದು ತಲುಪಲು ಸುಮಾರು ಮೂರು ಸೆಕೆಂಡ್ ಬೇಕು. ಗಂಟೆಗೆ 400 ಕಿ.ಮೀ.ನಲ್ಲಿರುವ ಸ್ಪಿಟ್‌ಫೈರ್ ಅಷ್ಟರಲ್ಲಿ 330 ಮೀಟರ್ ಮುಂದೆ ಹೋಗಿರುತ್ತದೆ.

ಫೋಟೊ

ಎಲ್ಲರೂ ಮಾಡುವ ತಪ್ಪು ಒಂದೇ: ಶಟರ್ ವೇಗ 1/1000ಕ್ಕೆ ಇಡುವುದು. ವಿಮಾನ ಚೊಕ್ಕವಾಗಿ ಬರುತ್ತದೆ, ಆದರೆ ಪ್ರೊಪೆಲರ್ ಕದಲದೆ ನಿಂತು ದಾರಕ್ಕೆ ತೂಗುಹಾಕಿದ ಆಟಿಕೆಯಂತೆ ಕಾಣುತ್ತದೆ. ಲೆಕ್ಕ ಹೀಗೆ. ಮೆರ್ಲಿನ್ ನಿಮಿಷಕ್ಕೆ 2,400 ಸುತ್ತಿನಲ್ಲಿದ್ದರೆ ಗೇರಿನ ದೆಸೆಯಿಂದ ಪ್ರೊಪೆಲರ್ ತಿರುಗುವುದು ಅದರ ಅರ್ಧಕ್ಕಿಂತ ಕಡಿಮೆ, ಸುಮಾರು 1,150. 1/1000 ಸೆಕೆಂಡಿನಲ್ಲಿ ಅದು ಏಳು ಡಿಗ್ರಿ ಮಾತ್ರ ಸರಿಯುತ್ತದೆ. 1/250ರಲ್ಲಿ 27 ಡಿಗ್ರಿ, 1/125ರಲ್ಲಿ 55. ಮೊದಲ ಸಲ 1/250ರಿಂದ ಶುರು ಮಾಡಿ, ಕೈ ಕುದುರಿದ ಮೇಲೆ 1/160, ಆಮೇಲೆ 1/125. ಹಾರ್ವರ್ಡ್‌ಗೆ 1/250 ಸಾಕೇ ಸಾಕು.

100-400 ಎಂಎಂ ಲೆನ್ಸ್, ಶಟರ್ ಪ್ರಯಾರಿಟಿ, ಐಎಸ್‌ಒ 100. ಲೆನ್ಸಿನ ಅಲುಗಾಟ ತಡೆಯನ್ನು ಪ್ಯಾನಿಂಗ್ (ವಿಮಾನದ ಜೊತೆ ಕ್ಯಾಮೆರಾ ತಿರುಗಿಸುವ) ಮೋಡ್‌ಗೆ ಹಾಕಿ. ಪಾದಗಳನ್ನು ವಿಮಾನ ಹಾದುಹೋಗುವ ಕಡೆಗೆ ಮೊದಲೇ ತಿರುಗಿಸಿ ನಿಂತು, ಸೊಂಟವನ್ನು ಮಾತ್ರ ತಿರುಗಿಸಿ. ಗುಂಡಿ ಒತ್ತಿದ ಮೇಲೂ ತಿರುಗುತ್ತಲೇ ಇರಬೇಕು, ಒತ್ತಿದಾಗ ನಿಂತುಬಿಡುವುದರಿಂದಲೇ ಹೆಚ್ಚು ಚಿತ್ರ ಕೆಡುವುದು. ಬಿಳಿ ಮೋಡದ ಎದುರು ಕ್ಯಾಮೆರಾ ಮೋಸಹೋಗಿ ವಿಮಾನವನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಶರ್ ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ. 1/125ರಲ್ಲಿ ಹತ್ತಕ್ಕೆ ಒಂದೆರಡು ಸರಿಬಂದರೆ ಅದೇ ಒಳ್ಳೆಯ ಫಸಲು. ಬರೀ ಮೊಬೈಲ್ ಇರುವವರು ಆಕಾಶ ಬಿಟ್ಟು ಎಂಜಿನ್ ಎಬ್ಬಿಸುವುದನ್ನು ವಿಡಿಯೊ ಮಾಡಿ, ಸದ್ದಿನ ಸಮೇತ.

ಹೆಸರುವಾಸಿ ಪೈಲಟ್‌ಗಳು

ಹಳೆಯ ವಿಮಾನ ಹಾರಿಸುವ ತಾರೆಯರು ಇದ್ದಾರೆ. ಟಾಮ್ ಕ್ರೂಸ್ ಬಳಿ ಸ್ವಂತ ಪಿ-51 ಮಸ್ಟಾಂಗ್ ಇದೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದ, ರಾಕ್ ತಂಡ ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್ ಮೊದಲ ಮಹಾಯುದ್ಧದ ಪ್ರದರ್ಶನ ತಂಡವೊಂದರಲ್ಲಿ ಫೋಕರ್ ಟ್ರೈಪ್ಲೇನ್ ಪ್ರತಿಕೃತಿ ಹಾರಿಸಿದವರು. ನಟ ಹ್ಯಾರಿಸನ್ ಫೋರ್ಡ್ 2015ರ ಮಾರ್ಚ್‌ನಲ್ಲಿ ಎಂಜಿನ್ ನಿಂತ ರಯಾನ್ ತರಬೇತಿ ವಿಮಾನವನ್ನು ಲಾಸ್ ಏಂಜಲೀಸಿನ ಗಾಲ್ಫ್ ಮೈದಾನವೊಂದರಲ್ಲಿ ಇಳಿಸಿ ಗಾಯಗೊಂಡು ಬದುಕುಳಿದರು. ತನಿಖೆಯಲ್ಲಿ ಕಂಡಿದ್ದು ಕಾರ್ಬ್ಯುರೇಟರ್ ಒಳಗೆ ಸಡಿಲಗೊಂಡ, ಪೆಟ್ರೋಲ್ ಹರಿಯುವ ತೂತಿನ ಒಂದು ಪುಟ್ಟ ಬಿಡಿಭಾಗ (ಜೆಟ್). ಎಪ್ಪತ್ತು ವರ್ಷದ ಯಂತ್ರಕ್ಕೆ ಅಷ್ಟು ಸಾಕು.

ಆದರೂ ಓಲ್ಡ್ ವಾರ್ಡನ್‌ನಲ್ಲಿ ದೊಡ್ಡ ಹೆಸರುಗಳು ವಿಮಾನಗಳಿಗೇ ಅಂಟಿಕೊಂಡಿವೆ ಎಂಬುದು ನಮ್ಮ ಭಾವನೆ. ಕೆಂಪು ಬಣ್ಣದ ಡಿಎಚ್88 ಕಾಮೆಟ್ 'ಗ್ರೋವ್‌ನರ್ ಹೌಸ್' 1934ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಮೆಲ್ಬರ್ನ್‌ಗೆ 71 ಗಂಟೆಯಲ್ಲಿ ತಲುಪಿ ವಿಮಾನ ಸ್ಪರ್ಧೆ ಗೆದ್ದಿತು. ಹಾರಿಸಿದವರು ಸ್ಕಾಟ್ ಮತ್ತು ಕ್ಯಾಂಪ್‌ಬೆಲ್ ಬ್ಲ್ಯಾಕ್. ಅದೇ ಸ್ಪರ್ಧೆಯಲ್ಲಿ ಇನ್ನೊಂದು ಕಾಮೆಟ್ ಹಾರಿಸಿದ ಏಮಿ ಜಾನ್ಸನ್ ಮತ್ತು ಜಿಮ್ ಮಾಲಿಸನ್ ಜೋಡಿಯ ಓಟ ಎಂಜಿನ್ ಕೆಟ್ಟು ಅಲಹಾಬಾದಿನಲ್ಲೇ ಮುಗಿದುಹೋಯಿತು. ಪಕ್ಕದ ಬಿಳಿಯ ಮ್ಯೂ ಗಲ್‌ನಲ್ಲಿ ಅಲೆಕ್ಸ್ ಹೆನ್‌ಶಾ 1939ರ ಫೆಬ್ರುವರಿಯಲ್ಲಿ ಒಬ್ಬನೇ ಕೇಪ್‌ಟೌನ್‌ಗೆ ಹೋಗಿ ಬಂದದ್ದು ನಾಲ್ಕು ದಿನ ಹತ್ತು ಗಂಟೆಯಲ್ಲಿ. ಕಾಕ್‌ಪಿಟ್ ಎಷ್ಟು ಇಕ್ಕಟ್ಟೆಂದು ಬಗ್ಗಿ ನೋಡಿ.

ಪೈಲಟ್‌ಗಳನ್ನು ಮಾತಾಡಿಸುವ ಆಸೆಯಿದ್ದರೆ ಹಾರುವ ಮುಂಚಿನ ಒಂದು ಗಂಟೆ ಬಿಟ್ಟುಬಿಡಿ. ಅವರು ಮನಸ್ಸಿನಲ್ಲೇ ಪ್ರತಿ ತಿರುವನ್ನೂ ಹಾರಿಸುತ್ತಿರುತ್ತಾರೆ, ಕೆಲವರು ಕೈಯನ್ನು ರೆಕ್ಕೆ ಮಾಡಿಕೊಂಡು ಹುಲ್ಲಿನ ಮೇಲೆ ನಡೆಯುವುದೂ ಕಾಣುತ್ತದೆ. ಇಳಿದು ಅರ್ಧ ಗಂಟೆಯಾದ ಮೇಲೆ ಹೋಗಿ. 'ಇವತ್ತು ಗಾಳಿ ಹೇಗಿತ್ತು' ಎಂದು ಕೇಳಿ, ಮಾತು ತಾನಾಗಿ ಬರುತ್ತದೆ.

ಬೇಲಿಯ ವಿಷಯದಲ್ಲಿ ರಾಜಿ ಬೇಡ. 2015ರ ಆಗಸ್ಟ್ 22ರಂದು ಶೋರಮ್‌ನ ವಿಮಾನ ಪ್ರದರ್ಶನದಲ್ಲಿ ಹಾಕರ್ ಹಂಟರ್ ಜೆಟ್ ರಸ್ತೆಗೆ ಬಿದ್ದು 11 ಜನ ಸತ್ತರು, ಅವರ್ಯಾರೂ ಪ್ರದರ್ಶನದ ಆವರಣದ ಒಳಗಿದ್ದವರಲ್ಲ. ಅದಾದ ಮೇಲೆ ಬ್ರಿಟನ್ನಿನಲ್ಲಿ ನಿಯಮ ಬಿಗಿಯಾಯಿತು. ಟಿಕೆಟ್ ಉಳಿಸಲು ಹೊರಗಿನ ಹೊಲದ ಅಂಚಿನಲ್ಲಿ, ವಿಮಾನ ತಿರುಗುವ ದಾರಿಯ ಕೆಳಗೆ ನಿಲ್ಲಬೇಡಿ.

ಕೊನೆಯ ವಿಮಾನ ಇಳಿದ ಕೂಡಲೇ ಪಾರ್ಕಿಂಗ್ ಕಡೆ ನುಗ್ಗಿದರೆ ಸಾಲಿನಲ್ಲೇ ಮುಕ್ಕಾಲು ಗಂಟೆ ಕಳೆಯಬೇಕಾದೀತು. ಅದರ ಬದಲು ಹ್ಯಾಂಗರ್‌ಗಳ ಬಾಗಿಲಿಗೆ ಹೋಗಿ. ವಿಮಾನಗಳನ್ನು ಕೈಯಲ್ಲಿ ತಳ್ಳಿ ಒಳಗೆ ಹಾಕುವ ಹೊತ್ತು ಅದು. ರೋಟರಿ ಎಂಜಿನ್ ಕೆಳಗೆ ಎಣ್ಣೆ ಹಿಡಿಯುವ ತಟ್ಟೆ ಇಡುತ್ತಾರೆ, ಒಬ್ಬರು ಬಟ್ಟೆ ಹಿಡಿದು ರೆಕ್ಕೆಯ ಕೆಳಗಿನ ಹರಳೆಣ್ಣೆ ಒರೆಸಲು ಶುರು ಮಾಡುತ್ತಾರೆ. ಬಿಸಿ ಎಂಜಿನ್ ಆರುತ್ತಾ ಟಿಕ್ ಟಿಕ್ ಎನ್ನುವುದು ಅಲ್ಲಿ ನಿಂತವರಿಗಷ್ಟೇ ಕೇಳುತ್ತದೆ.